ಆಂಪ್ಲಿಫೈಯರಿನ ಮೊರೆತ

ಸಂಗೀತವು ನಿಂತಾಗಲೂ ಸ್ಟೀರಿಯೋ ಆಂಪ್ಲಿಫೈಯರು ಗುಂಯ್‌ಗುಡುವುದುಂಟು. ಇದಕ್ಕೆ ಕಾರಣವೇನು? ನಮ್ಮ ದೇಶದ ಮನೆಗಳಿಗೆ ಬರುವ ವಿದ್ಯುತ್ಪ್ರವಾಹವು ಸೆಕೆಂಡಿಗೆ 50 ಆವರ್ತಗಳುಳ್ಳದ್ದು. ಪ್ರತಿ ಆವರ್ತದಲ್ಲಿಯೂ ಕಾಂತಬಲವು ಎರಡು ಸಲ ಏರಿಳಿಯುವುದರಿಂದ ಟ್ರಾನ್ಸ್‌ಫಾರ್ಮರಿನ ಉಕ್ಕಿನ ತಗಡುಗಳು ಸೆಕೆಂಡಿಗೆ 100 ಸಲ ಕಂಪಿಸುವುವು.

ಮೊದಲು ನಾವು ಪೆಟ್ಟಿಗೆಗೂ ಸ್ಪೀಕರಿಗೂ ಬೇರೆಬೇರೆಯಾಗಿ ಕಿವಿಗೊಡಬೇಕು. ಪೆಟ್ಟಿಗೆಯೇ ಮೊರೆದರೆ ತಗಡುಗಳೋ ತಿರುಪುಗಳೋ ಸಡಿಲಗೊಂಡಿರಬಹುದು. ಸ್ಪೀಕರು ಮೊರೆದರೆ, ಯಂತ್ರವನ್ನು ನಿಲ್ಲಿಸಿ, ಇತರ ಯಂತ್ರಗಳಿಂದ ಬರುವ ತಂತಿಗಳನ್ನು ಬಿಡಿಸಿ ಮತ್ತೆ ನಡೆಸಬೇಕು. ಆಗ ಮೊರೆತವು ಅಡಗಿದರೆ ದೋಷವು ಆ ತಂತಿಗಳಲ್ಲಿಯೋ ಭೂಸಂಪರ್ಕದಲ್ಲಿಯೋ ಇರುವುದು. ಅಡಗದಿದ್ದರೆ ಒಳಗಿನ ಕೆಪಾಸಿಟರುಗಳನ್ನು ಬಲ್ಲವರಿಂದ ಪರೀಕ್ಷೆಮಾಡಿಸಬೇಕು.

ಮೊರೆತವನ್ನಡಗಿಸಲು ಅರ್ಥ್ ತಂತಿಯನ್ನೇ ಕತ್ತರಿಸುವವರುಂಟು. ನಾವು ಹಾಗೆ ಎಂದಿಗೂ ಮಾಡಲಾಗದು. ಆ ತಂತಿಯಿಲ್ಲದಿರುವಾಗ ಒಳಗಿನ ವಿದ್ಯುತ್ತು ಲೋಹದ ಪೆಟ್ಟಿಗೆಗೆ ಸೋರಿದರೆ, ಮುಟ್ಟಿದವರ ಪ್ರಾಣಕ್ಕೇ ಅಪಾಯವುಂಟಾಗುವುದು.