ಗಾಲಿ ಎರಡು, ಗೆಳೆಯರು ಹತ್ತಾರು

ಸಂತೇಬೆನ್ನೂರು ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಪುಷ್ಕರಿಣಿ. ಹದಿನಾರನೆಯ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಆ ಹೊಂಡ, ನೀರಿನ ನಡುವೆ ನಿಂತ ವಸಂತ ಮಂಟಪ, ಪಕ್ಕದ ಮುಸಾಫಿರಖಾನೆ ಇಷ್ಟನ್ನು ನೋಡಿ, ಫೋಟೋ ತೆಗೆದುಕೊಂಡು ಪ್ರವಾಸಿಗರು ಹೊರಡುತ್ತಾರೆ. ಅವರ ಕಣ್ಣಿಗೆ ಬೀಳದ ಇನ್ನೊಂದು ನೋಟವೂ ಇಲ್ಲಿದೆ. ಶಾಲೆಯ ಗಂಟೆಗೆ ಮುಂಚೆ, ಅಡಿಕೆ ತೋಟಗಳ ನಡುವಿನ ರಸ್ತೆಗಳಲ್ಲಿ ಮೂರು ಮೂರು, ನಾಲ್ಕು ನಾಲ್ಕು ಸೈಕಲ್ಲುಗಳು ಒಟ್ಟಿಗೆ ಬರುತ್ತವೆ. ಒಬ್ಬನ ಚೈನು ಕಳಚಿದರೆ ಎಲ್ಲರೂ ನಿಲ್ಲುತ್ತಾರೆ. ಕೈ ಮಸಿಯಾಗುವುದು ಒಬ್ಬನದೇ, ಸಲಹೆ ಮಾತ್ರ ನಾಲ್ವರದು!

ಹಿಂದಿನ ತಲೆಮಾರಿನವರು ಸೈಕಲ್ ಕಲಿತ ಬಗೆಯನ್ನು ಮನೆಯ ಹಿರಿಯರಲ್ಲಿ ಕೇಳಿ ನೋಡಿ. ಆಗ ಮಕ್ಕಳಿಗೆಂದೇ ಸೈಕಲ್ ಇರಲಿಲ್ಲ. ಬಾಡಿಗೆ ಅಂಗಡಿಯಲ್ಲಿ ಗಂಟೆಯ ಲೆಕ್ಕದಲ್ಲಿ ದೊಡ್ಡವರ ಸೈಕಲ್ ತರಬೇಕು; ಸೀಟು ಎಟುಕದು; ತ್ರಿಕೋನದ ಒಳಗಿನಿಂದ ಕಾಲು ತೂರಿಸಿ ಕತ್ತರಿಗಾಲಿನಲ್ಲಿ ತುಳಿಯಬೇಕು. ಹಿಂದೆ ಕ್ಯಾರಿಯರ್ ಹಿಡಿದು ಓಡುವ ಗೆಳೆಯನೊಬ್ಬ ಬೇಕೇ ಬೇಕು. ಅವನು ಹೇಳದೆ ಕೈಬಿಟ್ಟ ಕ್ಷಣದಲ್ಲಿಯೇ ಸೈಕಲ್ ಬಂದುಬಿಡುತ್ತಿತ್ತು. ಒಬ್ಬರೇ ಕೂತು ಪುಸ್ತಕ ನೋಡಿ ಕಲಿಯಲಾಗದ ವಿದ್ಯೆಗಳಲ್ಲಿ ಇದೂ ಒಂದು.

ಹಾಗೆ ಕೈಬಿಟ್ಟಾಗ ಸೈಕಲ್ ಬೀಳುವುದಿಲ್ಲವೇಕೆ? ತಿರುಗುವ ಬುಗುರಿ ನಿಂತಂತೆ ತಿರುಗುವ ಚಕ್ರ ಸೈಕಲ್ಲನ್ನು ನಿಲ್ಲಿಸುತ್ತದೆ ಎಂಬ ಉತ್ತರವನ್ನು ಬಹಳ ವಿದ್ಯಾರ್ಥಿಗಳು ಬರೆಯುತ್ತಾರೆ. ಈ ಉತ್ತರ ಅರೆಬರೆ. ಡೇವಿಡ್ ಜೋನ್ಸ್ ಎಂಬ ಬ್ರಿಟಿಷ್ ವಿಜ್ಞಾನಿ ಮುಂದಿನ ಚಕ್ರದ ಪಕ್ಕದಲ್ಲಿ ಇನ್ನೊಂದು ಚಕ್ರ ಜೋಡಿಸಿ, ಅದನ್ನು ವಿರುದ್ಧ ದಿಕ್ಕಿಗೆ ತಿರುಗಿಸಿ ಬುಗುರಿಯ ಗುಣವನ್ನು ರದ್ದು ಮಾಡಿದರು. ಆದರೂ ಸೈಕಲ್ಲನ್ನು ಓಡಿಸಲು ತೊಂದರೆಯಾಗಲಿಲ್ಲ ಎಂದು 1970ರಲ್ಲಿ ಪ್ರಕಟಿಸಿದರು. 2011ರಲ್ಲಿ ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಗಳ ತಂಡ ಇನ್ನೂ ಮುಂದೆ ಹೋಗಿ, ಬುಗುರಿಯ ಗುಣವೂ ಇಲ್ಲದ, ಮುಂಚಕ್ರ ಹಿಂದಕ್ಕೆ ಎಳೆದಂತಿರುವ ರಚನೆಯೂ ಇಲ್ಲದ ಪುಟ್ಟ ಸೈಕಲ್ ಮಾಡಿತು. ಸವಾರನಿಲ್ಲದೆ ತಳ್ಳಿಬಿಟ್ಟರೂ ಅದು ತಾನೇ ನೆಟ್ಟಗೆ ಸಾಗಿತು. ಮುಖ್ಯವಾದದ್ದು ಒಂದೇ: ಸೈಕಲ್ ಯಾವ ಕಡೆಗೆ ವಾಲುತ್ತದೋ ಆ ಕಡೆಗೇ ಹ್ಯಾಂಡಲ್ ತಿರುಗಬೇಕು. ಆಗ ಚಕ್ರಗಳು ಬೀಳುವ ಭಾರದ ಅಡಿಗೆ ಬಂದು ನಿಲ್ಲುತ್ತವೆ. ಅಂಗೈ ಮೇಲೆ ಕೋಲು ನಿಲ್ಲಿಸುವ ಹುಡುಗ ಮಾಡುವುದೂ ಇದನ್ನೇ. ಕಲಿಯುವವರು ಬೀಳುವುದು ಹೆದರಿ ಹ್ಯಾಂಡಲನ್ನು ಎದುರು ದಿಕ್ಕಿಗೆ ಎಳೆಯುವುದರಿಂದ.

ಇನ್ನು ದೂರದ ಲೆಕ್ಕ. ಮುಂದಿನ ಹಲ್ಲುಚಕ್ರದಲ್ಲಿ 44, ಹಿಂದಿನದರಲ್ಲಿ 18 ಹಲ್ಲುಗಳಿವೆ ಎನ್ನಿ. ಪೆಡಲು ಒಂದು ಸುತ್ತು ಬಂದರೆ ಹಿಂದಿನ ಗಾಲಿ ಸುಮಾರು 2.4 ಸುತ್ತು ಬರುತ್ತದೆ. 28 ಅಂಗುಲದ ಗಾಲಿಯ ಸುತ್ತಳತೆ ಸುಮಾರು 2.2 ಮೀಟರ್. ಎಂದರೆ ಒಂದು ತುಳಿತಕ್ಕೆ ಐದು ಮೀಟರಿಗಿಂತ ಹೆಚ್ಚು ದಾರಿ! ನಿಮಿಷಕ್ಕೆ 45 ಸಲ ತುಳಿದರೆ ಗಂಟೆಗೆ ಸುಮಾರು 15 ಕಿ.ಮೀ. ವೇಗ. ನಡೆದರೆ ಒಂದು ಗಂಟೆ ಹಿಡಿಯುವ ಐದು ಕಿ.ಮೀ. ದೂರ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ. ಅದೂ ನಡೆಯಲು ಬೇಕಾಗುವ ಶಕ್ತಿಯ ಕಾಲುಭಾಗ ಖರ್ಚಿನಲ್ಲಿ.

ಹೋಗಿಬರುವ ಈ ದಾರಿಯಲ್ಲಿ ದಿನಕ್ಕೆ ಉಳಿಯುವುದು ಒಂದು ಗಂಟೆ ಇಪ್ಪತ್ತು ನಿಮಿಷ. ಹಳ್ಳಿಯ ಹುಡುಗಿಯೊಬ್ಬಳು ಏಳನೆಯ ತರಗತಿಗೇ ನಿಲ್ಲಬೇಕೋ ಹೈಸ್ಕೂಲಿಗೆ ಹೋಗಬೇಕೋ ಎಂಬುದನ್ನು ಎಷ್ಟೋ ಮನೆಗಳಲ್ಲಿ ಈ ಒಂದು ಗಂಟೆಯೇ ತೀರ್ಮಾನಿಸಿದೆ. 2006ರಲ್ಲಿ ಆಗ ಹಣಕಾಸು ಖಾತೆಯನ್ನೂ ನೋಡಿಕೊಳ್ಳುತ್ತಿದ್ದ ಉಪಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಎಂಟನೆಯ ತರಗತಿಯವರಿಗೆ ಉಚಿತ ಸೈಕಲ್ ಘೋಷಿಸಿದಾಗ ಹಿಂದಿದ್ದ ಲೆಕ್ಕವೂ ಇದೇ. ಮೊದಲು ಬಡ ಕುಟುಂಬದ ಹುಡುಗಿಯರಿಗೆ, ಆಮೇಲೆ ಹುಡುಗರಿಗೂ ಸೈಕಲ್ ಬಂತು. ಅದೇ ವರ್ಷ ಬಿಹಾರವೂ ಹೈಸ್ಕೂಲು ಸೇರುವ ಹುಡುಗಿಯರಿಗೆ ಸೈಕಲ್ಲಿಗೆಂದು ಹಣ ಕೊಡತೊಡಗಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಬಿಹಾರದ ಯೋಜನೆಯನ್ನು ಅಳೆದು ನೋಡಿದರು. 2017ರಲ್ಲಿ ಅಚ್ಚಾದ ಅವರ ಅಧ್ಯಯನದಂತೆ ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡ 32ರಷ್ಟು ಏರಿತ್ತು. ಹುಡುಗ-ಹುಡುಗಿಯರ ನಡುವಿನ ಅಂತರ ಶೇಕಡ 40ರಷ್ಟು ಇಳಿದಿತ್ತು. ಶಾಲೆ ಮೂರು ಕಿ.ಮೀ.ಗಿಂತ ದೂರವಿದ್ದ ಹಳ್ಳಿಗಳಲ್ಲಿಯೇ ಲಾಭ ಹೆಚ್ಚು.

ಅಂಕಿಗಳಲ್ಲಿ ಕಾಣದ ಒಂದು ಸಂಗತಿಯಿದೆ. ಸೈಕಲ್ ಒಬ್ಬಳಿಗೆ ಸಿಗದೆ ತರಗತಿಗೆ ತರಗತಿಗೇ ಸಿಕ್ಕಿದ್ದರಿಂದ ಹುಡುಗಿಯರು ಗುಂಪಾಗಿ ಹೊರಟರು. ಒಂಟಿಯಾಗಿ ಕಳಿಸಲು ಹಿಂಜರಿಯುತ್ತಿದ್ದ ತಾಯಿ ಐವರ ಜೊತೆ ಧೈರ್ಯವಾಗಿ ಕಳಿಸಿದಳು.

ಕರ್ನಾಟಕದಲ್ಲಿ ಕೋವಿಡ್ ಕಾಲದ 2020-21ರಲ್ಲಿ ಈ ವಿತರಣೆ ನಿಂತಿತು. ಮತ್ತೆ ಆರಂಭಿಸಿ ಎಂಬ ಒತ್ತಾಯ ಆಮೇಲಿನ ವರ್ಷಗಳಲ್ಲಿ ಕೇಳಿಬಂತು. ಕೊಟ್ಟ ಸೈಕಲ್ಲುಗಳ ಗುಣಮಟ್ಟದ ಬಗ್ಗೆ ದೂರುಗಳೂ ಇದ್ದವು ಎಂಬುದನ್ನು ಮರೆಯಬೇಕಿಲ್ಲ. ಆದರೆ ಸಡಿಲ ನಟ್ಟನ್ನು ಬಿಗಿ ಮಾಡಬಹುದು. ಇಲ್ಲದ ಸೈಕಲ್ಲಿಗೆ ಯಾವ ಸ್ಪ್ಯಾನರೂ ಇಲ್ಲ.

ಪುದುಕೋಟೆಯ ಪಾಠ

ಸೈಕಲ್ಲೂ ಸಂಗಾತವೂ ಕೂಡಿದರೆ ಏನಾಗುತ್ತದೆಂಬುದಕ್ಕೆ ನೆರೆಯ ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಕಥೆಯನ್ನು ಹೇಳಲೇಬೇಕು. 1991ರಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆಯುತ್ತಿತ್ತು. ಜಿಲ್ಲಾಧಿಕಾರಿಯಾಗಿದ್ದವರು ಶೀಲಾ ರಾಣಿ ಚುಂಕತ್. ಹಳ್ಳಿಯಿಂದ ಹಳ್ಳಿಗೆ ಹೋಗಬೇಕಾದ ಮಹಿಳಾ ಕಾರ್ಯಕರ್ತೆಯರಿಗೆ ಬಸ್ಸು ಕಾಯುವುದೇ ಕೆಲಸವಾಗಬಾರದೆಂದು ಸೈಕಲ್ ಕಲಿಕೆಯನ್ನು ಅಕ್ಷರ ಕಲಿಕೆಯ ಭಾಗವಾಗಿಯೇ ಸೇರಿಸಿದರು. ಬ್ಯಾಂಕುಗಳಿಂದ ಸಾಲ ಕೊಡಿಸಿದರು. ಕಲಿತವರು ಇನ್ನೊಬ್ಬರಿಗೆ ಕಲಿಸಿದರು. ಕೂಲಿಯವರು, ಕಲ್ಲುಕ್ವಾರಿಯ ಹೆಂಗಸರು, ಅಂಗನವಾಡಿಯವರು, ಶಿಕ್ಷಕಿಯರು ಎಲ್ಲರೂ ಸಾಲುಗಟ್ಟಿದರು. ಪತ್ರಕರ್ತ ಪಿ. ಸಾಯಿನಾಥ್ ಅಲ್ಲಿಗೆ ಹೋಗಿ ಬರೆದ ವರದಿಯ ಪ್ರಕಾರ ಹೀಗೆ ಕಲಿತವರು ಒಂದು ಲಕ್ಷಕ್ಕೂ ಹೆಚ್ಚು. ಲೇಡೀಸ್ ಸೈಕಲ್ಲುಗಳು ಅಂಗಡಿಗಳಲ್ಲಿ ಮುಗಿದುಹೋಗಿ ಹೆಂಗಸರು ಗಂಡಸರ ಸೈಕಲ್ಲನ್ನೇ ಕೊಂಡರು. ಕೆಲವರಿಗಂತೂ ಅದೇ ಮೆಚ್ಚಿಗೆಯಾಯಿತು, ಏಕೆಂದರೆ ಅಡ್ಡ ಸರಳಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದು! ಗೇಲಿ ಮಾಡಿದವರು ಇರಲಿಲ್ಲವೆಂದಲ್ಲ. ಒಬ್ಬಳನ್ನು ಗೇಲಿ ಮಾಡುವುದು ಸುಲಭ. ಸಾವಿರ ಜನರನ್ನು ಗೇಲಿ ಮಾಡಲು ಬಾಯಿ ಸಾಲದು.

ಪಟ್ಟಣದ ಕಡೆಗೆ ನೋಡಿದರೆ ಕಥೆ ಬೇರೆ. ಒಂದು ಕಾಲಕ್ಕೆ ಬೆಂಗಳೂರಿನ ಎಚ್.ಎ.ಎಲ್., ಎಚ್.ಎಂ.ಟಿ., ಐ.ಟಿ.ಐ. ಕಾರ್ಖಾನೆಗಳ ಪಾಳಿ ಬಿಟ್ಟಾಗ ರಸ್ತೆಯ ತುಂಬ ಸೈಕಲ್ಲುಗಳೇ. ಆಮೇಲೆ ಸ್ಕೂಟರು, ಕಾರು ಬಂದು ಸೈಕಲ್ಲು ಬಡವರ ವಾಹನವೆಂಬ ಹಣೆಪಟ್ಟಿ ಹೊತ್ತು ಪಕ್ಕಕ್ಕೆ ಸರಿಯಿತು. ಮಜವೆಂದರೆ ಅದನ್ನು ಮತ್ತೆ ರಸ್ತೆಗೆ ತಂದವರಲ್ಲಿ ಕಾರು ಕೊಳ್ಳಬಲ್ಲ ಕಂಪ್ಯೂಟರ್ ಎಂಜಿನಿಯರುಗಳೇ ಮುಂದು. 2013ರ ಅಕ್ಟೋಬರಿನಲ್ಲಿ ಕಬ್ಬನ್ ಪಾರ್ಕಿನಲ್ಲಿ ಸೈಕಲ್ ದಿನ ಆರಂಭವಾಯಿತು. ಬಡಾವಣೆಯಿಂದ ಬಡಾವಣೆಗೆ ಹಬ್ಬಿತು. ಮೈಸೂರಿನಲ್ಲಿ 2017ರ ಜೂನಿನಲ್ಲಿ ಸುಮಾರು 450 ಬಾಡಿಗೆ ಸೈಕಲ್ಲುಗಳ 'ಟ್ರಿಣ್ ಟ್ರಿಣ್' ಬಂತು. ಗಂಟೆಯ ಸದ್ದನ್ನೇ ಹೆಸರಾಗಿಸಿದವರ ರಸಿಕತೆಗೆ ಮೆಚ್ಚಬೇಕು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಸೈಕಲ್ಲಿಗೆಂದೇ ಗೂಟ ನೆಟ್ಟು ಮಾಡಿದ ಪಥ ಮಾತ್ರ ಬಾಳಲಿಲ್ಲ.

ನಗರದಲ್ಲಿ ದಿನವೂ ಕಚೇರಿಗೆ ಸೈಕಲ್ ತುಳಿಯುವವರು ಪರಸ್ಪರ ಪರಿಚಯ ಮಾಡಿಕೊಳ್ಳುವುದೇ ಬಹುಪಾಲು ರಸ್ತೆ ಬದಿಯಲ್ಲಿ. ಪಂಕ್ಚರ್ ಆದವನ ಬಳಿ ಇನ್ನೊಬ್ಬ ನಿಲ್ಲುತ್ತಾನೆ; ಪಂಪು ಕೊಡುತ್ತಾನೆ; ಮರುದಿನದಿಂದ ಇಬ್ಬರೂ ಒಂದೇ ಹೊತ್ತಿಗೆ ಹೊರಡುತ್ತಾರೆ. ಹೊಸಬರಿಗೆ ಯಾವ ರಸ್ತೆಯಲ್ಲಿ ಏರು ಕಡಿಮೆ, ಎಲ್ಲಿ ಹೊಂಡ, ಎಲ್ಲಿ ನಾಯಿಕಾಟ ಎಂಬುದನ್ನೆಲ್ಲ ಹಳಬರು ಹೇಳಿಕೊಡುತ್ತಾರೆ. ಮುಂದೆ ಹೋಗುವವನು ರಸ್ತೆಯ ಗುಂಡಿಯನ್ನು ಕೈಯಿಂದ ತೋರಿಸುವುದು ಇವರ ಶಿಷ್ಟಾಚಾರ. ಹಿಂದಿನವನಿಗೆ ಮುಂದಿನವನ ಬೆನ್ನಲ್ಲದೆ ಬೇರೇನೂ ಕಾಣದಲ್ಲ!

ಈ ಬೆನ್ನಹಿಂದಿನ ಸವಾರಿಗೆ ಒಂದು ಭೌತಶಾಸ್ತ್ರವಿದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಮುಂದಿನವನು ಗಾಳಿಯನ್ನು ಸೀಳಿ ಕೊಟ್ಟರೆ ವೇಗವಾಗಿ ಹೋಗುವ ಹಿಂದಿನವನ ಶ್ರಮ ಕಾಲುಭಾಗದಷ್ಟಾದರೂ ತಗ್ಗುತ್ತದೆ. ಆದ್ದರಿಂದಲೇ ದೂರದ ಸವಾರರು ಸರದಿಯ ಮೇಲೆ ಮುಂದೆ ಬರುತ್ತಾರೆ. ಶಾಲೆಯ ಮಕ್ಕಳು ಇದನ್ನು ಅನುಕರಿಸದಿರುವುದೇ ಲೇಸು. ಅವರ ವೇಗಕ್ಕೆ ಲಾಭ ಅಲ್ಪ, ಬ್ರೇಕು ಹಿಡಿಯದ ಸೈಕಲ್ಲಿನಲ್ಲಿ ಅಪಾಯ ಬಹಳ.

ದೂರ ಸವಾರಿಗಳಲ್ಲಿ 'ಬ್ರೆವೆ' ಎಂಬುದೊಂದು ಫ್ರಾನ್ಸಿನಿಂದ ಬಂದ ಪದ್ಧತಿ. ಬೆಂಗಳೂರಿನವರು ಸೇರಿದಂತೆ ನಮ್ಮ ನಾಡಿನ ಅನೇಕರು ಇದರಲ್ಲಿ ಪಳಗಿದ್ದಾರೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ ಗಡುವು. ನಡುನಡುವೆ ನಿಗದಿಯಾದ ಠಾಣೆಗಳಲ್ಲಿ ಕಾರ್ಡಿಗೆ ಮೊಹರು ಹಾಕಿಸಬೇಕು. ಹಿಂದೆ ಕಾರಿನಲ್ಲಿ ಊಟ-ಉಪಕರಣ ಹೊತ್ತು ಬರುವ ಸಹಾಯಕರಿಗೆ ಅವಕಾಶವಿಲ್ಲ. ಜೊತೆಯ ಸವಾರರೇ ಸಹಾಯ. ಪಂದ್ಯವಲ್ಲದ್ದರಿಂದ ಮೊದಲ, ಎರಡನೆಯ ಸ್ಥಾನಗಳಿಲ್ಲ. ಗಡುವಿಗೆ ಐದು ನಿಮಿಷ ಮುಂಚೆ ಬಂದವನಿಗೂ ಐದು ಗಂಟೆ ಮುಂಚೆ ಬಂದವನಿಗೂ ಒಂದೇ ಗೌರವ. ಅದಕ್ಕೇ ನಡುರಾತ್ರಿ ಹೆದ್ದಾರಿ ಬದಿ ಟ್ಯೂಬು ಬಿಚ್ಚಿ ಕೂತವನ ಬಳಿ ಟಾರ್ಚು ಹಿಡಿದು ನಿಲ್ಲಲು ಯಾರಿಗೂ ನಷ್ಟವೆನಿಸದು. 1891ರಲ್ಲಿ ಆರಂಭವಾದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಎಂಬ ಸುಮಾರು 1200 ಕಿ.ಮೀ. ಸವಾರಿ ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ದೀರ್ಘ ಗಡುವು 90 ಗಂಟೆ. 2019 ಮತ್ತು 2023ರಲ್ಲಿ ನೂರಾರು ಭಾರತೀಯರು ಅಲ್ಲಿದ್ದರು. ಅಲ್ಲಿನ ಹಳ್ಳಿಗರು ಮನೆಯ ಮುಂದೆ ಮೇಜು ಹಾಕಿ, ಗುರುತು ಪರಿಚಯವಿಲ್ಲದ ಸವಾರರಿಗೆ ನೀರು, ಕಾಫಿ ಕೊಡುತ್ತಾರಂತೆ. ಪಾದಯಾತ್ರಿಗಳಿಗೆ ದಾರಿಯಲ್ಲಿ ಪಾನಕ, ಮಜ್ಜಿಗೆ ಕೊಡುವ ನಮ್ಮ ಕಡೆಯವರಿಗೆ ಇದು ಅಚ್ಚರಿಯಲ್ಲ.

ಪೋಷಕರಿಗೆ ಎರಡು ಮಾತು

ಎಸ್ಸೆಸ್ಸೆಲ್ಸಿ ಮುಗಿಯುವ ಮುಂಚೆಯೇ ಮಗನ ಕೈಗೆ ಸ್ಕೂಟರಿನ ಕೀಲಿ ಕೊಡುವುದು ಈಗ ಪ್ರತಿಷ್ಠೆಯ ಮಾತಾಗಿದೆ. ಸೈಕಲ್ಲಿನಲ್ಲಿ ಹೋಗಲು ಮಕ್ಕಳಿಗೆ ನಾಚಿಕೆಯಂತೆ. ಕಾನೂನು ಏನು ಹೇಳುತ್ತದೆ ಕೇಳಿ. 18 ತುಂಬದವರು ಗೇರಿಲ್ಲದ ಸಾಮಾನ್ಯ ಸ್ಕೂಟರನ್ನೂ ರಸ್ತೆಯಲ್ಲಿ ಓಡಿಸುವಂತಿಲ್ಲ. 16 ತುಂಬಿದವರಿಗಿರುವ ವಿನಾಯಿತಿ 50 ಸಿ.ಸಿ.ವರೆಗಿನ ಎಂಜಿನ್ನಿಗೆ ಮಾತ್ರ. 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಪ್ರತಿಷ್ಠೆಗೆ ಇದು ತುಸು ದುಬಾರಿ.

ಹಾಗೆಂದು ಸೈಕಲ್ಲಿನಲ್ಲಿ ಭಯವೇ ಇಲ್ಲವೆಂದು ಹೇಳಲಾಗದು. ಲಾರಿ, ಟ್ರಾಕ್ಟರುಗಳ ಎಡಬದಿಗೆ ಅಂಟಿಕೊಂಡು ನುಗ್ಗುವುದು ಎಲ್ಲಕ್ಕಿಂತ ಕೆಟ್ಟದ್ದು. ಚಾಲಕನ ಕಣ್ಣಿಗೆ ಬೀಳದ ಜಾಗವದು. ಗೆಳೆಯರೊಂದಿಗೆ ಹರಟುತ್ತ ಅಕ್ಕಪಕ್ಕ ಮೂವರು ಹೋಗುವ ಸುಖವನ್ನು ದೊಡ್ಡ ರಸ್ತೆಯಲ್ಲಿ ಬಿಟ್ಟುಕೊಡಬೇಕು. ಸಂಜೆಯ ಟ್ಯೂಷನ್ ಮುಗಿಸಿ ಬರುವವರಿಗೆ ಹಿಂದೆ ಕೆಂಪು ರಿಫ್ಲೆಕ್ಟರ್, ಮುಂದೆ ದೀಪ ಇರಲೇಬೇಕು. ತಲೆಗೆ ಹೆಲ್ಮೆಟ್ ಇರಲಿ. ಮಳೆಗಾಲದಲ್ಲಿ ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ಬ್ರೇಕಿನ ರಬ್ಬರು ಜಾರುವುದರಿಂದ ಸೈಕಲ್ ನಿಲ್ಲಲು ಎಷ್ಟೋ ಹೆಚ್ಚು ದೂರ ಹಿಡಿಯುತ್ತದೆ. ಇಳಿಜಾರಿಗೆ ಮುಂಚೆಯೇ ಬ್ರೇಕನ್ನು ಮೆಲ್ಲಗೆ ಒತ್ತಿ ರಿಮ್ಮಿನ ನೀರು ಒರೆಸಿಕೊಳ್ಳಬೇಕು.

ಅಣ್ಣನಿಗೋ ಅಕ್ಕನಿಗೋ ಸಿಕ್ಕ ಯೋಜನೆಯ ಸೈಕಲ್ ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ನಿಂತಿದೆ. ಟೈರು, ಟ್ಯೂಬು, ಬ್ರೇಕಿನ ರಬ್ಬರು ಬದಲಿಸಿ, ಗುಂಡುಗಳಿಗೆ ಗ್ರೀಸ್ ತುಂಬಿಸಿ, ಚೈನಿಗೆ ಎಣ್ಣೆ ಹಾಕಿಸಿದರೆ ಅದು ತಮ್ಮನಿಗೂ ಸಾಕು. ರಿಪೇರಿ ಅಂಗಡಿಗೆ ಮಗುವನ್ನೂ ಕರೆದೊಯ್ಯಿರಿ. ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಏಳುವ ಜಾಗ ಹುಡುಕುವುದನ್ನೂ, ಸ್ಪೋಕುಗಳನ್ನು ಒಂದೊಂದಾಗಿ ಬಿಗಿದು ಡೊಂಕು ಗಾಲಿಯನ್ನು ನೇರ ಮಾಡುವುದನ್ನೂ ಅದು ನೋಡಲಿ. ಮನೆಗೆ ತಂದ ಮೇಲೆ ಸೀಟಿನ ಎತ್ತರ ಸರಿಮಾಡಿ: ಸೀಟಿನ ಮೇಲೆ ಕೂತು ಪೆಡಲು ಕೆಳಗಿದ್ದಾಗ ಹಿಮ್ಮಡಿ ಅದಕ್ಕೆ ತಾಕಿ ಮೊಣಕಾಲು ನೆಟ್ಟಗಾಗಬೇಕು. ಹೊಸದಾಗಿ ಕಲಿಯುವ ಮಗುವಿಗೆ ಮಾತ್ರ ಎರಡೂ ಪಾದ ನೆಲಕ್ಕೆ ಊರುವಷ್ಟು ಇಳಿಸಿರಿ. ಬೆಳೆಯುವ ಮಕ್ಕಳಾದ್ದರಿಂದ ಆರು ತಿಂಗಳಿಗೊಮ್ಮೆ ಮತ್ತೆ ನೋಡಿಕೊಳ್ಳಬೇಕಾಗುತ್ತದೆ.