ಬಟವಾಡೆ ಕೇಳದ ಪಡೆ

ವನಗೂರಿನ ಕಡೆಯ ತೋಟಗಳಲ್ಲಿ ಕಾಫಿ ಕೊಯ್ಲು ಶುರುವಾಯಿತೆಂದರೆ ಮಾಲೀಕನಿಂದ ಹಿಡಿದು ರೈಟರ್, ಮೇಸ್ತ್ರಿಯವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಆಳು ಸಿಗುತ್ತಿಲ್ಲ. ಸಿಕ್ಕವರು ಮುಂಗಡ ಕೇಳುತ್ತಾರೆ, ಜೀಪು ಕಳಿಸಿ ಎನ್ನುತ್ತಾರೆ, ಆನೆ ಬಂದಿದೆಯೆಂದರೆ ತೋಟಕ್ಕೆ ಇಳಿಯುವುದಿಲ್ಲ. ತಪ್ಪೇನೂ ಇಲ್ಲ, ಜೀವ ಯಾರಿಗೆ ಬೇಡ? ಹೊರಗೆ ಕಣದಲ್ಲಿ ಈ ಚರ್ಚೆ ನಡೆಯುತ್ತಿರುವಾಗ ರಜೆಗೆ ಬಂದ ಹುಡುಗ ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು, ಒಂದು ಗುಂಡಿ ಒತ್ತಿ ಐನೂರು ಆಳುಗಳನ್ನು ನೆಲದಿಂದ ಎಬ್ಬಿಸಿರುತ್ತಾನೆ. ಅವರಿಗೆ ಊಟ ಬೇಡ, ನಿದ್ದೆ ಬೇಡ, ಲೈನ್ ಮನೆ ಬೇಡ, ಶನಿವಾರದ ಬಟವಾಡೆಯೂ ಬೇಡ. ಯಾಕೆಂದರೆ ಅವರೆಲ್ಲ ಸತ್ತವರು.

ಕಾಲ್ಪನಿಕ ಲೋಕದ ಯುದ್ಧದಾಟಗಳಲ್ಲಿ ಈ ‘ಸತ್ತೂ ಸಾಯದವರ’ ಪಕ್ಷ ಇಲ್ಲದಿರುವುದೇ ಅಪರೂಪ. ಒಂದು ಕಡೆ ಮನುಷ್ಯರ ರಾಜ್ಯ, ಇನ್ನೊಂದು ಕಡೆ ಕಾಡಿನ ಯಕ್ಷರಂಥ ಎಲ್ಫ್‌ಗಳು, ಮತ್ತೊಂದು ಕಡೆ ಹಸಿರು ಮೈಯ ರಕ್ಕಸರು; ಇವರೆಲ್ಲರಿಗೂ ಎದುರಾಗಿ ಮಸಣದಿಂದೆದ್ದು ಬಂದ ಒಂದು ಪಡೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಕಾಗದ, ಪೆನ್ಸಿಲ್, ದಾಳ ಇಟ್ಟುಕೊಂಡು ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟವನ್ನು ಹೊರತಂದ ಮೇಲೆ ಅಸ್ಥಿಪಂಜರ, ನಡೆದಾಡುವ ಹೆಣ, ರಕ್ತಪಿಶಾಚಿ ಎಲ್ಲಕ್ಕೂ ಒಂದೊಂದು ಅಂಕಿ, ಒಂದೊಂದು ಶಕ್ತಿ ನಿಗದಿಯಾಯಿತು. ಕಂಪ್ಯೂಟರ್ ಬಂದ ಮೇಲೆ ಅದೇ ಲೆಕ್ಕದ ಪುಸ್ತಕ ಪರದೆಯ ಮೇಲೆ ಓಡಾಡತೊಡಗಿತು.

1999ರ ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್’ ಮೂರನೇ ಭಾಗವನ್ನು ನೋಡಿ. ಅದರಲ್ಲಿ ‘ನೆಕ್ರೊಪೊಲಿಸ್’ ಎಂಬ ಹೆಣಗಳ ಪಟ್ಟಣವಿದೆ. ಅಲ್ಲಿನ ನಾಯಕನಿಗೆ ಒಂದು ವಿಶೇಷ ವಿದ್ಯೆ: ಯುದ್ಧ ಗೆದ್ದ ಮೇಲೆ ಎದುರಾಳಿಯ ಕಡೆ ಸತ್ತವರಲ್ಲಿ ಒಂದು ಪಾಲು ಅಸ್ಥಿಪಂಜರಗಳಾಗಿ ಎದ್ದು ಇವನ ಪಡೆ ಸೇರುತ್ತಾರೆ. ಬೇರೆ ರಾಜರು ಯುದ್ಧ ಮಾಡಿದಷ್ಟೂ ಸವೆಯುತ್ತಾರೆ, ಇವನು ಬೆಳೆಯುತ್ತಾನೆ. ಹೆಣಗಳಿಗೆ ಧೈರ್ಯವೂ ಇಲ್ಲ, ಅಧೈರ್ಯವೂ ಇಲ್ಲ. ಮನಸ್ಸನ್ನು ಕೆಡಿಸುವ ಮಂತ್ರ ಅವರಿಗೆ ತಟ್ಟುವುದಿಲ್ಲ. ಬದುಕಿದ ಸೈನಿಕರನ್ನು ಅವರ ಪಕ್ಕದಲ್ಲಿ ನಿಲ್ಲಿಸಿದರೆ ಮಾತ್ರ ಬದುಕಿದವರ ಎದೆ ಕುಸಿಯುತ್ತದೆ. ಆ ಪಟ್ಟಣದಲ್ಲಿ ಇನ್ನೊಂದು ಕಟ್ಟಡವಿದೆ. ಯಾವ ಜೀವಿಯನ್ನು ಒಳಗೆ ನೂಕಿದರೂ ಅಸ್ಥಿಪಂಜರವಾಗಿ ಹೊರಬರುತ್ತದೆ, ಡ್ರ್ಯಾಗನ್ ಆದರೆ ಮೂಳೆಯ ಡ್ರ್ಯಾಗನ್. ಆಟದಲ್ಲಿ ಪಳಗಿದವರು ಗುಡಿಸಲುಗಳಿಂದ ರೈತರನ್ನು ಅಗ್ಗಕ್ಕೆ ಕೊಂಡುತಂದು ಈ ಯಂತ್ರಕ್ಕೆ ಹಾಕುತ್ತಾರೆ. ಬದುಕಿದ ರೈತನಿಗಿಂತ ಅವನ ಮೂಳೆಗೆ ಬೆಲೆ ಜಾಸ್ತಿ! ಆಟ ಬರೆದವರು ಇದನ್ನು ವ್ಯಂಗ್ಯವೆಂದು ಬರೆದರೋ ಇಲ್ಲವೋ, ಓದಿಕೊಳ್ಳುವವರಿಗೆ ಅದು ವ್ಯಂಗ್ಯವೇ.

2002ರ ‘ವಾರ್‌ಕ್ರಾಫ್ಟ್’ ಮೂರನೇ ಭಾಗದಲ್ಲಿ ಈ ಪಡೆಗೆ ‘ಸ್ಕರ್ಜ್’ ಎಂದು ಹೆಸರು. ಅವರು ಮನೆ ಕಟ್ಟುವ ಮೊದಲು ನೆಲವೇ ಕೊಳೆಯಬೇಕು. ಹುಲ್ಲು ಸತ್ತು ಕರಕಲಾದ ಆ ನೆಲದ ಮೇಲೆ ನಿಂತರೆ ಅವರ ಗಾಯ ತಾನಾಗಿ ಮಾಯುತ್ತದೆ. ಬಿದ್ದ ಹೆಣವನ್ನು ತಿಂದು ಚೇತರಿಸಿಕೊಳ್ಳುವವರು ಕೆಲವರು. ಹೆಣಗಳನ್ನು ಗಾಡಿಯಲ್ಲಿ ತುಂಬಿಕೊಂಡು ಹೋಗುವವರು, ಒಂದೊಂದು ಹೆಣದಿಂದ ಎರಡೆರಡು ಅಸ್ಥಿಪಂಜರ ಎಬ್ಬಿಸುವ ಮಂತ್ರವಾದಿಗಳು ಬೇರೆ. ಕಾಯಿಲೆ ಹರಡುವುದು ಗೋಧಿಯ ಮೂಲಕ. ಸ್ಟ್ರಾಥೋಮ್ ಎಂಬ ಪಟ್ಟಣದವರು ಆ ಧಾನ್ಯ ಉಂಡಿದ್ದಾರೆ, ಇನ್ನೇನು ಹೆಣಗಳಾಗಿ ಏಳುತ್ತಾರೆ. ರಾಜಕುಮಾರ ಆರ್ಥಸ್ ಅವರನ್ನು ಬದುಕಿರುವಾಗಲೇ ಕೊಲ್ಲಲು ಹೊರಡುತ್ತಾನೆ. ಕೊಲ್ಲಬೇಕಾದವರು ನಾವೇ, ಮೌಸ್ ಹಿಡಿದ ಆಟಗಾರರು. ಎದುರಾಳಿ ನೂರು ಜನರನ್ನು ತನ್ನವರನ್ನಾಗಿ ಮಾಡಿಕೊಳ್ಳುವ ಮುಂಚೆ ನಾವು ನೂರು ಜನರನ್ನು ಮುಗಿಸಬೇಕು. ಇಪ್ಪತ್ತು ವರ್ಷ ದಾಟಿದರೂ ಆ ಹಂತ ಆಡಿದವರು ಅದನ್ನು ಮರೆತಿಲ್ಲ. ಮುಂದೆ ಇದೇ ಆರ್ಥಸ್ ಶಾಪಗ್ರಸ್ತ ಕತ್ತಿ ಹಿಡಿದು ಹೆತ್ತ ತಂದೆಯನ್ನೇ ಕೊಂದು ಹೆಣಗಳ ಒಡೆಯನಾಗುತ್ತಾನೆ.

ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿಯವರ ‘ಟೋಟಲ್ ವಾರ್: ವಾರ್‌ಹ್ಯಾಮರ್’ ಸರಣಿಗೆ 2018ರ ಜನವರಿಯಲ್ಲಿ ಸೇರಿದ ‘ಗೋರಿಯ ರಾಜರು’ ಎಂಬ ಪಕ್ಷದ ಲೆಕ್ಕ ಇನ್ನೂ ಖಚಿತ. ಅವರ ಸೈನಿಕರಿಗೆ ಸೇರಿಸಿಕೊಳ್ಳುವ ಖರ್ಚೂ ಇಲ್ಲ, ಸಾಕುವ ಖರ್ಚೂ ಇಲ್ಲ. ಉಳಿದ ಹೆಚ್ಚಿನ ಪಕ್ಷಗಳ ಆಟಗಾರ ಸಂಬಳದ ಪಟ್ಟಿ ನೋಡಿ ತಲೆ ಕೆರೆದುಕೊಳ್ಳುವಾಗ ಇವರ ಖಜಾನೆ ನಿಶ್ಚಿಂತೆ.

ಸತ್ತವನು ಎದ್ದು ಬರುವುದೆಂದರೆ ಭಯ, ಸರಿ. ಆದರೆ ಅವನು ಎದ್ದು ಬಂದು ಇನ್ನೊಬ್ಬನ ಕೆಲಸ ಮಾಡುತ್ತಾನೆ ಎಂಬ ಕಲ್ಪನೆ ಎಲ್ಲಿಂದ ಬಂತು? ಇದಕ್ಕೆ ಉತ್ತರ ಹುಡುಕಿದರೆ ನಾವು ಬಂದು ನಿಲ್ಲುವುದು, ಆಶ್ಚರ್ಯವೆಂದರೆ, ಒಂದು ತೋಟಕ್ಕೇ. ‘ಜಾಂಬಿ’ ಎಂಬ ಮಾತು ಜಗತ್ತಿಗೆ ಪರಿಚಯವಾದದ್ದು ಕೆರಿಬಿಯನ್ ಕಡಲಿನ ಹೈಟಿಯಿಂದ. ಫ್ರೆಂಚರ ವಸಾಹತಾಗಿದ್ದಾಗ ಅದರ ಹೆಸರು ಸೇಂಟ್ ಡೊಮಿಂಗ್. ಹದಿನೆಂಟನೇ ಶತಮಾನದ ಕೊನೆಗೆ ಜಗತ್ತಿನ ಕಾಫಿಯಲ್ಲಿ ಸುಮಾರು ಅರ್ಧದಷ್ಟು ಅಲ್ಲಿಂದಲೇ ಬರುತ್ತಿತ್ತು ಎನ್ನುತ್ತಾರೆ. ಕಬ್ಬು, ಕಾಫಿ ಎರಡನ್ನೂ ಬೆಳೆದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ದುಡಿದು ದುಡಿದು ಸತ್ತರೆ ಆತ್ಮ ಆಫ್ರಿಕಕ್ಕೆ ಮರಳುತ್ತದೆ ಎಂಬ ನಂಬಿಕೆ ಅವರಿಗಿದ್ದ ಒಂದೇ ಸಮಾಧಾನ. ಆದರೆ ಮಂತ್ರವಾದಿಯೊಬ್ಬ ಹೆಣವನ್ನು ಎಬ್ಬಿಸಿ ಮತ್ತೆ ದುಡಿಮೆಗೆ ಹಚ್ಚಿದರೆ? ಸತ್ತರೂ ತೋಟ ಬಿಡುಗಡೆ ಕೊಡದಿದ್ದರೆ? ಅವರನ್ನು ಹೆದರಿಸಿದ್ದು ಜಾಂಬಿ ಬಂದು ಕಚ್ಚುತ್ತದೆ ಎಂಬುದಲ್ಲ. ತಾನೇ ಜಾಂಬಿಯಾಗಿಬಿಡುತ್ತೇನೆ ಎಂಬುದು. 1791ರಲ್ಲಿ ದಂಗೆಯೆದ್ದ ಆ ಗುಲಾಮರು 1804ರಲ್ಲಿ ಸ್ವತಂತ್ರ ಹೈಟಿಯನ್ನು ಕಟ್ಟಿದರು. ಕತೆ ಮಾತ್ರ ಉಳಿಯಿತು. 1929ರಲ್ಲಿ ವಿಲಿಯಂ ಸೀಬ್ರೂಕ್ ಎಂಬ ಅಮೆರಿಕನ್ ಲೇಖಕ ಅದನ್ನು ಪುಸ್ತಕ ಮಾಡಿದ. 1932ರ ‘ವೈಟ್ ಜಾಂಬಿ’ ಚಿತ್ರದಲ್ಲಿ ಹೆಣಗಳು ಸಕ್ಕರೆ ಗಾಣ ತಿರುಗಿಸಿದವು. 1968ರಲ್ಲಿ ಜಾರ್ಜ್ ರೊಮೆರೊ ತೆಗೆದ ಚಿತ್ರದಿಂದ ಅವು ಕೂಲಿ ಬಿಟ್ಟು ಮನುಷ್ಯರನ್ನು ತಿನ್ನುವ ಹಿಂಡುಗಳಾದವು. 2019ರಲ್ಲಿ ಪಬ್ಜಿ ಮೊಬೈಲ್ ಆಟಕ್ಕೆ ಬಂದು ನಮ್ಮ ಬಸ್‌ಸ್ಟ್ಯಾಂಡಿನ ಹುಡುಗರನ್ನೆಲ್ಲ ಅಟ್ಟಿಸಿಕೊಂಡು ಹೋದದ್ದು ಈ ಎರಡನೆಯ ಜಾತಿಯವು. ಯುದ್ಧದಾಟದ ಹೆಣಗಳಿಗೆ ಮಾತ್ರ ಹಳೆಯ ತೋಟದ ವಾಸನೆ ಇನ್ನೂ ಹೋಗಿಲ್ಲ.

ನಮ್ಮ ಸತ್ತವರ ಸ್ವಭಾವವೇ ಬೇರೆ. ಅವರು ಹೇಳಿದ ಕೆಲಸ ಮಾಡುವವರಲ್ಲ, ಕೇಳುವವರು. ಚಂದಮಾಮ ಓದಿ ಬೆಳೆದವರಿಗೆ ಬೇತಾಳನ ಪರಿಚಯ ಹೇಳಬೇಕಿಲ್ಲ. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದ ವಿಕ್ರಮನ ಆ ಚಿತ್ರ ಬರೆದ ಶಂಕರ್ 2020ರಲ್ಲಿ ತೀರಿಕೊಂಡರು. ಅಲ್ಲಿ ಹೆಣ ರಾಜನ ಆಳಲ್ಲ, ರಾಜನೇ ಹೆಣದ ಹಮಾಲಿ. ಹೊತ್ತವನಿಗೆ ಹೆಣ ಕತೆ ಹೇಳಿ, ನ್ಯಾಯದ ಪ್ರಶ್ನೆ ಕೇಳಿ, ಉತ್ತರ ಬಂದೊಡನೆ ಮರ ಹತ್ತುತ್ತದೆ. ರನ್ನನ ಗದಾಯುದ್ಧದಲ್ಲಿ ಸೋತ ದುರ್ಯೋಧನ ಹೆಣಗಳ ನಡುವೆ ಹಾದುಹೋಗುವಾಗ ರಣರಂಗದ ಮರುಳುಗಳು ಅವನನ್ನು ಅಡ್ಡಗಟ್ಟಿ ಹಂಗಿಸುತ್ತವೆ. ಸಾವಿರ ವರ್ಷದ ಹಿಂದಿನ ಕಾವ್ಯ. ಚಕ್ರವರ್ತಿಯ ಮುಖಕ್ಕೇ ಆಡಿ ತೋರಿಸುವ ಸ್ವಾತಂತ್ರ್ಯ ದೆವ್ವಗಳಿಗಿತ್ತು. ಕಂಪ್ಯೂಟರಿನ ಅಸ್ಥಿಪಂಜರಕ್ಕೆ ಎಲ್ಲಿಂದ ಬರಬೇಕು ಆ ಬಾಯಿ?

ಅಸ್ಥಿಪಂಜರವನ್ನು ಕಣ್ಣಾರೆ ನೋಡಬೇಕೆನ್ನುವವರು ಹಾಸನದಿಂದ ಬೇಲೂರಿನ ದಾರಿಯಲ್ಲಿ ದೊಡ್ಡಗದ್ದವಳ್ಳಿಗೆ ಹೋಗಿಬರಬಹುದು. 1113–14ರ ಸುಮಾರಿಗೆ, ವಿಷ್ಣುವರ್ಧನನ ಕಾಲದಲ್ಲಿ, ಕುಲ್ಲಹಣ ರಾಹುತ ಎಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ ಲಕ್ಷ್ಮೀದೇವಿ ಗುಡಿ ಅದು. ನಾಲ್ಕು ಗರ್ಭಗುಡಿಗಳಲ್ಲಿ ಒಂದು ಕಾಳಿಯದು. ಅದರ ಬಾಗಿಲ ಎರಡೂ ಬದಿಗೆ ಆಳೆತ್ತರದ ಬೇತಾಳಗಳು ನಿಂತಿವೆ: ಪಕ್ಕೆಲುಬು ಎಣಿಸಬಹುದು, ಹೊಟ್ಟೆ ಬೆನ್ನಿಗೆ ಹತ್ತಿದೆ, ಬಾಯಿ ಕಿಸಿದಿದೆ. ಅರೆಗತ್ತಲಲ್ಲಿ ಹಠಾತ್ತನೆ ಕಂಡರೆ ಗಟ್ಟಿಗರ ಎದೆಯೂ ಒಮ್ಮೆ ಧಸಕ್ ಎನ್ನುತ್ತದೆ. ಆಟ ರಚಿಸುವವರು ಕಂಡರೆ ಕಣ್ಣಿಗೊತ್ತಿಕೊಳ್ಳುವಂಥ ಕೆತ್ತನೆ. ಈ ಬೇತಾಳಗಳೂ ಒಂದು ಅರ್ಥದಲ್ಲಿ ಆಳುಗಳೇ, ಕಾಳಿಯ ಕಾವಲಿನವು. ಆದರೆ ಅವುಗಳ ಮುಖದಲ್ಲಿ ಹಸಿವಿದೆ, ಒಂದು ಬಗೆಯ ತುಂಟತನವೂ ಇದೆ. ಲೆಕ್ಕಕ್ಕೆ ಸಿಗುವ ಮುಖಗಳಲ್ಲ.

ಆ ಹಸಿವೇ ಮುಖ್ಯ. ನಮ್ಮ ಕಡೆ ಮಹಾಲಯ ಅಮಾವಾಸ್ಯೆಯ ಸುಮಾರಿಗೆ ಹಿರಿಯರಿಗೆ ಎಡೆ ಇಡುತ್ತಾರಲ್ಲ, ಅಲ್ಲಿ ಲೆಕ್ಕ ತಿರುಗುಮುರುಗು. ಅಜ್ಜನಿಗೆ ಕೋಳಿಸಾರು ಇಷ್ಟವಿದ್ದರೆ ಕೋಳಿಸಾರು, ಅಜ್ಜಿಗೆ ಎಲೆಯಡಿಕೆ, ಬೀಡಿ ಸೇದುತ್ತಿದ್ದವರಿಗೆ ಒಂದು ಕಟ್ಟು ಬೀಡಿ. ಸತ್ತವರಿಗೆ ಬದುಕಿದವರು ಸಲ್ಲಿಸುವ ವಾರ್ಷಿಕ ಬಟವಾಡೆ ಅದು. ತಪ್ಪಿದರೆ ಕನಸಿನಲ್ಲಿ ಬಂದು ಕೇಳುತ್ತಾರೆ. ತೊಂಬತ್ತರ ದಶಕದಲ್ಲಿ ಮನೆಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದದ್ದು ನೆನಪಿದೆಯೆ? ದೆವ್ವವನ್ನು ಕೊಲ್ಲುವ ಯೋಚನೆಯನ್ನು ಯಾರೂ ಮಾಡಲಿಲ್ಲ. ಸಾಲಗಾರನಿಗೆ ಹೇಳುವಂತೆ ವಾಯಿದೆ ಹೇಳಿ ಕಳಿಸಿದರು.

ಎಲ್ಲ ಕಡೆಯೂ ವ್ಯತ್ಯಾಸವೇ ಎಂದಲ್ಲ. ಆಟಗಳಲ್ಲಿ ‘ಲಿಚ್’ ಎಂಬ ಪಾತ್ರವಿದೆ: ಸಾವನ್ನು ಗೆಲ್ಲಲು ವಿದ್ಯೆಯನ್ನು ಅಡ್ಡದಾರಿಗೆ ಬಳಸಿ ಮೂಳೆಯಾಗಿ ಉಳಿದ ಪಂಡಿತ. ಓದಿದ ವಿದ್ಯೆಯನ್ನು ಕೆಡಿಸಿಕೊಂಡು ಮರದಲ್ಲಿ ವಾಸಿಸುವ ನಮ್ಮ ಬ್ರಹ್ಮರಾಕ್ಷಸ ಅವನ ದಾಯಾದಿಯೇ ಸರಿ. ಲಿಚ್ ತನ್ನ ಪ್ರಾಣವನ್ನು ಒಂದು ಡಬ್ಬಿಯಲ್ಲಿ ಬಚ್ಚಿಡುತ್ತಾನೆ, ಅದನ್ನು ಒಡೆಯದೆ ಅವನಿಗೆ ಸಾವಿಲ್ಲ. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣವಿರುವ ಕತೆ ಕೇಳಿದ ನಮ್ಮ ಮಕ್ಕಳಿಗೆ ಈ ಒಗಟು ಬಿಡಿಸಲು ಕಷ್ಟವಾಗಬಾರದು.

ನನಗೆ ಮೆಚ್ಚುಗೆಯಾದದ್ದು ವಾರ್‌ಕ್ರಾಫ್ಟಿನ ಸಿಲ್ವಾನಸ್. ತನ್ನ ನಾಡನ್ನು ಕಾಯುತ್ತ ಆರ್ಥಸ್‌ನ ಕೈಯಲ್ಲಿ ಸತ್ತವಳು. ಅವನು ಅವಳನ್ನು ಹಾಗೇ ಬಿಡದೆ ಎಬ್ಬಿಸಿ ಊಳಿಗಕ್ಕೆ ಹಚ್ಚಿದ. ಒಡೆಯನ ಹಿಡಿತ ಸಡಿಲಿದ ಗಳಿಗೆಯಲ್ಲಿ ಅವಳಿಗೆ ಸ್ವಂತ ಬುದ್ಧಿ ಮರಳಿತು. ತನ್ನಂತೆ ಬಿಡಿಸಿಕೊಂಡ ಹೆಣಗಳನ್ನು ಕೂಡಿಸಿ ಬೇರೆ ಬಣವನ್ನೇ ಕಟ್ಟಿದಳು. 2004ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಲ್ಲಿ ಆ ಬಣದ ಪರವಾಗಿಯೇ ಆಡಬಹುದಿತ್ತು. (ಅದೇ ಆಟದ ಅಸ್ಥಿಪಂಜರಗಳಿಗೆ 2007ರಲ್ಲಿ ಚೀನಾದಲ್ಲಿ ಮಾಂಸ ಹೊದಿಸಿ ಮೂಳೆ ಮುಚ್ಚಿದರು. ಸರ್ಕಾರಗಳಿಗೆ ಮೂಳೆ ಕಂಡರೆ ಯಾಕೆ ಭಯವೋ!) ಹೈಟಿಯ ಗುಲಾಮರ ಕತೆಗೆ ಇಷ್ಟು ಹತ್ತಿರ ಬಂದ ಪಾತ್ರ ಆಟಗಳಲ್ಲಿ ಇನ್ನೊಂದಿಲ್ಲವೆಂದೇ ನನ್ನ ಎಣಿಕೆ.

ಅವಳನ್ನು ಕಂಡಾಗಲೆಲ್ಲ ಕಲ್ಲುರ್ಟಿಯ ನೆನಪಾಗುತ್ತದೆ. ವನಗೂರಿನಿಂದ ಬಿಸಿಲೆ ಘಾಟಿ ಇಳಿದರೆ ಸುಬ್ರಹ್ಮಣ್ಯ, ಅಲ್ಲಿಂದಾಚೆ ತುಳುನಾಡು. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡ ಇಂಥದೇ ಇನ್ನೊಂದನ್ನು ಬೇರೆಲ್ಲೂ ಮಾಡಬಾರದೆಂದು ಅರಸ ಅವನ ಕೈಕಾಲು ಕಡಿಸಿದ ಎನ್ನುತ್ತದೆ ಪಾಡ್ದನ. ತಂಗಿ ಕಲ್ಲುರ್ಟಿಯೂ ಅಣ್ಣನೂ ‘ಮಾಯ’ವಾಗಿ ದೈವಗಳಾದರು, ಅರಸನಿಗೆ ನಿದ್ದೆ ಕೊಡಲಿಲ್ಲ. ದುಡಿಸಿಕೊಂಡು ಕೂಲಿಗೆ ಬದಲು ಕೈ ಕಡಿದವನ ಮೇಲೆ ಸತ್ತ ಕುಶಲಕರ್ಮಿ ಹೂಡಿದ ದಾವೆ ಅದು. ಇಂದಿಗೂ ಕೋಲದಲ್ಲಿ ಆ ದೈವಗಳ ಮುಂದೆ ಗುತ್ತಿನ ಯಜಮಾನ ಕೈಮುಗಿದು ನಿಲ್ಲುತ್ತಾನೆ.

ಬೆಂಗಳೂರಿನಲ್ಲಿ 1997ರಲ್ಲಿ ಧ್ರುವ ಇಂಟರ್‌ಆಕ್ಟಿವ್ ಶುರುವಾದಾಗಿನಿಂದ ನಮ್ಮ ಹುಡುಗರು ಹೊರದೇಶದ ಆಟಗಳಿಗೆ ಚಿತ್ರ, ಆಕಾರ ಮಾಡಿಕೊಡುತ್ತ ಬಂದಿದ್ದಾರೆ. 2019ರಲ್ಲಿ ಆ ಸಂಸ್ಥೆಯನ್ನು ರಾಕ್‌ಸ್ಟಾರ್‌ನವರು ಕೊಂಡರು. ಕೈಗೆ ಕಸುಬಿದೆ. ಅವರಲ್ಲಿ ಯಾರಾದರೂ ನಮ್ಮ ಸತ್ತವರದೇ ಒಂದು ಪಕ್ಷ ಮಾಡಿದರೆ ಹೇಗಿರುತ್ತದೆಂದು ಊಹಿಸಿ ನೋಡಿ. ಅಸ್ಥಿಪಂಜರಗಳ ಬದಲು ಮರುಳುಗಳು. ದಂಡನಾಯಕ ತಪ್ಪು ಮಾಡಿದರೆ ರಣರಂಗದಲ್ಲೇ ಹಂಗಿಸುತ್ತವೆ. ಬೇತಾಳವನ್ನು ಕರೆಯಬಹುದು, ಆದರೆ ಮೊದಲು ಅದರ ಪ್ರಶ್ನೆಗೆ ಉತ್ತರ ಹೇಳಬೇಕು, ಹೇಳಿದೊಡನೆ ಅದು ಮರಕ್ಕೆ ಹಾರಿ ಹೋಗುತ್ತದೆ. ಅಮಾವಾಸ್ಯೆಗೊಮ್ಮೆ ಎಲ್ಲರಿಗೂ ಎಡೆ, ವರ್ಷಕ್ಕೊಮ್ಮೆ ಕೋಲ. ಒಂದು ತಪ್ಪಿದರೂ ಇಡೀ ಪಡೆ ತಿರುಗಿ ನಿಂತು ಆಟಗಾರನ ಅರಮನೆಗೇ ಕಲ್ಲು ಬೀರುತ್ತದೆ. ಗೋರಿಯ ರಾಜರಿಗೆ ಖಜಾನೆಯ ಚಿಂತೆಯಿಲ್ಲ. ಈ ಪಕ್ಷ ಹಿಡಿದವನು ಮೊದಲ ಮಹಾಲಯಕ್ಕೇ ಸಾಲಕ್ಕೆ ಬೀಳುತ್ತಾನೆ.