ಹೊಸಬರು ತಡವರಿಸುವ ಜಾಗ

ಪೊವಾಯಿಯ ಐಐಟಿ ಬಾಂಬೆಯಲ್ಲಿ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರು ಕಟ್ಟಿ ಬೆಳೆಸಿದ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ ಕಂಪ್ಯೂಟರ್ ತಂತ್ರಾಂಶಗಳನ್ನು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಕಲಿಸುತ್ತದೆ. ಅಲ್ಲಿ ಪಾಠದ ಬರಹ ವಿಷಯ ತಜ್ಞರ ಕಣ್ಣು ದಾಟಿದರೆ ಸಾಲದು. ಆ ತಂತ್ರಾಂಶದ ಪರಿಚಯವೇ ಇಲ್ಲದ ಹೊಸಬರೊಬ್ಬರು ಬರಹ ಓದಿಕೊಂಡೇ ಕೆಲಸ ಮಾಡಿ ನೋಡಬೇಕು. ಇದಕ್ಕೆ ‘ನಾವಿಸ್ ಚೆಕ್’ ಎನ್ನುತ್ತಾರೆ. ಅವರು ಎಲ್ಲಿ ತೊಡರುತ್ತಾರೋ ಅಲ್ಲಿ ಬರಹವನ್ನು ತಿದ್ದಬೇಕು. ರೆಕಾರ್ಡಿಂಗ್ ಏನಿದ್ದರೂ ಆಮೇಲೆ.

ಇಷ್ಟು ಎಚ್ಚರ ಯಾಕೆಂದರೆ, ಸುಮಾರು 10 ನಿಮಿಷದ ಈ ಪಾಠವನ್ನು ಕಲಿಯುವವರ ಪಕ್ಕದಲ್ಲಿ ಮೇಷ್ಟ್ರು ಇರುವುದಿಲ್ಲ. ಪರದೆಯ ಒಂದು ಬದಿ ವಿಡಿಯೊ, ಇನ್ನೊಂದು ಬದಿ ತಂತ್ರಾಂಶ. ನೋಡುತ್ತಾ ಮಾಡುತ್ತಾ ಹೋಗಬೇಕು. ದನಿ ಕನ್ನಡದ್ದು, ಪರದೆಯ ಮೆನು ಇಂಗ್ಲಿಷಿನದು. ‘ಫೈಲ್ ಸೇವ್ ಮಾಡಿ’ ಎಂದರೆ ಬಲ್ಲವರಿಗೆ ಸಾಕು. ಹೊಸಬರ ಕೈ ಅಲ್ಲೇ ನಿಲ್ಲುತ್ತದೆ: ಯಾವ ಹೆಸರಿನಲ್ಲಿ, ಯಾವ ಫೋಲ್ಡರಿನಲ್ಲಿ? ಬಲ್ಲವರ ಬೆರಳು ಆ ನಡುವಿನ ಹೆಜ್ಜೆಗಳನ್ನು ತಾನಾಗಿ ಇಟ್ಟುಬಿಡುವುದರಿಂದ ಅವು ಅವರ ಗಮನಕ್ಕೇ ಬರುವುದಿಲ್ಲ. ತಜ್ಞರು ಎಷ್ಟು ಸಲ ಓದಿದರೂ ಈ ಕೊರತೆ ಉಳಿಯುವುದು ಇದೇ ಕಾರಣಕ್ಕೆ.

ಮಕ್ಕಳ ಕಲಿಕಾ ಆ್ಯಪ್‌ಗಳಿಗೂ ಹೊಸಬರಿಂದ ಇಂಥದೇ ಪರೀಕ್ಷೆ ಬೇಕು. ಅದಕ್ಕೆ ನೂರಾರು ಜನ ಬೇಕೆಂದು ಹೆದರಬೇಕಿಲ್ಲ. ಸಂಶೋಧಕರಾದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಬಳಕೆದಾರರನ್ನು ಕೂರಿಸಿ ನಡೆಸಿದ ಹಲವು ಪರೀಕ್ಷೆಗಳ ಲೆಕ್ಕ ತೆಗೆದರು. ಸರಾಸರಿಯಲ್ಲಿ ಒಬ್ಬ ಬಳಕೆದಾರನಿಂದ ಶೇ. 31ರಷ್ಟು ತೊಂದರೆಗಳು ಹೊರಬೀಳುತ್ತವೆ. ಮುಂದಿನವರು ತೋರಿಸುವುದರಲ್ಲಿ ಹಳೆಯವೂ ಸೇರಿರುತ್ತವೆ. ಹಾಗಾಗಿ ಐವರಾಗುವಷ್ಟರಲ್ಲಿ ಶೇ. 85ರ ಹತ್ತಿರ ತಲುಪುತ್ತೇವೆ. ಒಂದೇ ಸಲ ಹದಿನೈದು ಜನರನ್ನು ಕೂರಿಸುವುದಕ್ಕಿಂತ ಐವರನ್ನು ಕೂರಿಸಿ, ತಿದ್ದಿ, ಮತ್ತೆ ಬೇರೆ ಐವರನ್ನು ಕರೆಯುವುದು ಮೇಲು. ಆದರೆ ಐದನೇ ತರಗತಿಯ ಮಕ್ಕಳಿಗೂ ಅವರ ಶಿಕ್ಷಕರಿಗೂ ಆಗುವ ತೊಂದರೆಗಳು ಬೇರೆ ಬೇರೆ. ಎರಡು ಗುಂಪನ್ನೂ ಬೇರೆಯಾಗಿಯೇ ಪರೀಕ್ಷಿಸಬೇಕು.

ಪರೀಕ್ಷೆ ನಡೆಸುವವರಿಗೆ ಕಷ್ಟವಾದ ಕೆಲಸವೆಂದರೆ ಬಾಯಿ ಮುಚ್ಚಿ ಕೂರುವುದು. ಮಗುವಿಗೆ ಒಂದು ಕೆಲಸ ಕೊಟ್ಟು, ಮನಸ್ಸಿಗೆ ಬಂದದ್ದನ್ನು ಹೇಳುತ್ತಾ ಮಾಡು ಎನ್ನಬೇಕು. ಬೆರಳು ತಪ್ಪು ಗುಂಡಿಯ ಮೇಲೆ ಹೋದಾಗ ‘ಅದಲ್ಲ ಪುಟ್ಟಾ’ ಎಂದುಬಿಟ್ಟರೆ ಪರೀಕ್ಷೆ ಕೆಟ್ಟಿತು. ‘ಇಷ್ಟವಾಯಿತಾ?’ ಎಂದು ಕೇಳುವುದೂ ವ್ಯರ್ಥ. ದೊಡ್ಡವರ ಮುಂದೆ ಮಕ್ಕಳು ಹೂಂ ಎನ್ನುತ್ತಾರೆ.

ಮುಂಬಯಿ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ. ಆ ಮಕ್ಕಳ ಕಿವಿಗೆ ಬೀದಿಯಲ್ಲಿ ಬೀಳುವುದು ಮರಾಠಿ, ಹಿಂದಿ. ಬೆಂಗಳೂರಿನಲ್ಲಿ ಸಲೀಸಾದ ಮಾತು ಅವರಿಗೆ ತೊಡಕಾಗಬಹುದು. ಹಾಗಾಗಿ ಬೆಂಗಳೂರಿನಲ್ಲಿ ಕೂತು ಕನ್ನಡದ ಕಲಿಕಾ ಆ್ಯಪ್ ಮಾಡುವವರು ಬಿಡುಗಡೆಗೆ ಮುಂಚೆ ಅಂಥ ಶಾಲೆಯೊಂದರ ಅನುಮತಿ ಪಡೆದು, ಐದು ಮಕ್ಕಳ ಪಕ್ಕ ಒಂದು ಮಧ್ಯಾಹ್ನ ಸುಮ್ಮನೆ ಕೂತು ನೋಡಲಿ.